ಕಾಣೆಯಾದವರ ವರ್ಗ

ಎರಡು ವರ್ಗಗಳನ್ನು ಕೂಡಿಸಿ ಒಂದು ಮಾಡುವುದಕ್ಕೆ ನೀಲಾಂಬಿಕೆಗೆ ಹಿಡಿದದ್ದು ಒಂದು ಗುಟುಕು ಚಹಾ ನುಂಗುವಷ್ಟು ಹೊತ್ತು. ಪರದೆಯ ಎಡಗಡೆ ‘ಕಾಣೆಯಾದವರು’ ಎಂಬ ವರ್ಗ, ಬಲಗಡೆ ‘ಮರಣ’ ಎಂಬ ವರ್ಗ. ಎಡಗಡೆಯದರಲ್ಲಿ ಇದ್ದದ್ದು ಸ್ವಲ್ಪವೇ ಪುಸ್ತಕ: ಕೆಲವು ಕಾದಂಬರಿಗಳು, ಒಂದಷ್ಟು ಕವನಸಂಕಲನ, ಹಡಗು ಹತ್ತಿ ಹೋದ ಅಣ್ಣನ ಬಗ್ಗೆ ಯಾರೋ ತಂಗಿ ಬರೆದ ನೆನಪುಗಳು. ಬಲಗಡೆಯದು ಸಮುದ್ರ. ಎರಡರಲ್ಲೂ ಬಹುಪಾಲು ಅದೇ ಅದೇ ಮಾತುಗಳಿವೆ, ಸಣ್ಣದನ್ನು ದೊಡ್ಡದರೊಳಗೆ ಸೇರಿಸಲೇ ಎಂದು ಯಂತ್ರ ಕೇಳುತ್ತಿತ್ತು. ವರ್ಗಗಳು ಹೆಚ್ಚಾಗಿ ಹುಡುಕಾಟ ನಿಧಾನವಾಗುತ್ತಿದೆ, ಕಡಿಮೆ ಬಳಕೆಯವನ್ನು ಒಗ್ಗೂಡಿಸಿ ಎಂದು ಮೇಲಿನಿಂದ ಆದೇಶವಿತ್ತು. ನೀಲಾಂಬಿಕೆ ‘ಆಗಲಿ’ ಒತ್ತಿದಳು. ಯಾವ ಬದಲಾವಣೆಗೂ ಇಬ್ಬರ ಒಪ್ಪಿಗೆ ಬೇಕೆಂಬುದು ಗ್ರಂಥಕೋಶದ ನಿಯಮವಾದ್ದರಿಂದ ಎದುರಿನ ಮೇಜಿನ ಅಲ್ತಾಫ್ ನದಾಫನೂ ಒತ್ತಿದ. ಅಂಥವು ಅಂದು ರಾಶಿ ರಾಶಿ ಬಂದಿದ್ದವು. ಅವನು ವರ್ಗದ ಹೆಸರನ್ನು ಓದಿರಲೂ ಇಲ್ಲ.

ಧಾರವಾಡದ ಈ ಗ್ರಂಥಕೋಶ ಬರೀ ಓದುವವರಿಗಾಗಿ ಹುಟ್ಟಿದ್ದಲ್ಲ. ಏಳೆಂಟು ವರ್ಷದ ಹಿಂದೆ ಹೆಸರುಜ್ವರ ಬಂದಿತ್ತು. ಮೈ ಕಾದು, ಬೆವರಿ, ಇಳಿದು ಹೋಗುವ ಜ್ವರ. ಹೋಗುವಾಗ ಮಾತ್ರ ಮನುಷ್ಯನ ತಲೆಯಿಂದ ಹೆಸರುಗಳನ್ನು ಬಾಚಿಕೊಂಡು ಹೋಗುತ್ತಿತ್ತು. ಕೈಯಲ್ಲಿ ಲೋಟ ಹಿಡಿದವನಿಗೆ ಅದು ಲೋಟ ಎಂದು ತಿಳಿಯದು. ಎದುರಿಗೆ ಮಗು ಅಳುತ್ತಿದ್ದರೆ ತಾಯಿಗೆ ಅದನ್ನು ಏನೆಂದು ಕರೆಯಬೇಕೆಂದು ಹೊಳೆಯದು. ಕರೆಯಲಾಗದ್ದು ಕ್ರಮೇಣ ಯೋಚನೆಗೂ ಸಿಗದೆ ಜಾರುತ್ತದೆಂದು ಆಮೇಲೆ ವೈದ್ಯರು ಹೇಳಿದರು. ಎಷ್ಟೋ ಜನ ಮನೆಯಿಂದ ಹೊರಗೆ ಕಾಲಿಟ್ಟವರು ತಮ್ಮ ಓಣಿ, ಊರು, ಹೆಸರು ಯಾವುದನ್ನೂ ಹೇಳಲಾರದೆ ಎತ್ತಲೋ ನಡೆದುಬಿಟ್ಟರು. ಅವರಲ್ಲಿ ಬಹಳ ಮಂದಿ ತಿರುಗಿ ಬರಲಿಲ್ಲ.

ಉಳಿದವರ ಕಿವಿಯ ಹಿಂದೆ ಒಂದು ಮಣಿ ಕೂಡಿಸಿದರು. ಕೆಂಪು ಮೈ, ತುದಿಯಲ್ಲಿ ಕಪ್ಪು ಚುಕ್ಕೆ. ಜನ ಅದನ್ನು ಗುಲಗಂಜಿ ಎಂದೇ ಕರೆದರು. ಯೋಚನೆ ತಡವರಿಸಿದಾಗ ಗುಲಗಂಜಿ ಗ್ರಂಥಕೋಶದ ಕದ ತಟ್ಟುತ್ತದೆ. ಕನ್ನಡದಲ್ಲಿ ಅಚ್ಚಾದ ಪುಸ್ತಕಗಳೆಲ್ಲ ಅಲ್ಲಿ ವಿಷಯದ ಪ್ರಕಾರ ಚೀಟಿ ಅಂಟಿಸಿಕೊಂಡು ಕೂತಿವೆ: ಇದು ಬಾವಿ, ಇದು ಬಾಯಾರಿಕೆ, ಇದು ಸೋದರಮಾವ. ಯಾವುದರ ಪಕ್ಕ ಯಾವುದು ಎಂದು ನೋಡಿಕೊಂಡು ಮಣಿ ಮಾತನ್ನು ತಂದು ಕೊಡುತ್ತದೆ. ನೀಲಾಂಬಿಕೆಗೆ ಜ್ವರ ತಗಲಿರಲಿಲ್ಲ. ಅಂಥ ಕೆಲವರನ್ನೇ ಹುಡುಕಿ ವರ್ಗೀಕರಣ ವಿಭಾಗದಲ್ಲಿ ಕೂಡಿಸಿದ್ದರು. ಚೀಟಿ ಅಂಟಿಸುವವರ ತಲೆ ಚೀಟಿಯ ಹಂಗಿನಲ್ಲಿ ಇರಬಾರದು ಎಂಬುದು ಲೆಕ್ಕಾಚಾರ.

ಅಂದು ಸಂಜೆ ಅವಳು ಮಾಳಮಡ್ಡಿಯ ಮನೆಗೆ ಬಂದಾಗ ಮನೆಗೆ ಹೊಂದಿಕೊಂಡ ಹಿಟ್ಟಿನ ಗಿರಣಿಯ ಮುಂದಿನ ಕಟ್ಟೆ ಬರಿದಾಗಿತ್ತು. ಅದು ಅವಳ ಅತ್ತೆ ಗುರುಬಸವ್ವನ ಜಾಗ. ಕಿರಿಯ ಮಗ ಸಂಗಣ್ಣ ಜ್ವರದ ವರ್ಷ ಗಿರಣಿಯಿಂದ ಹಿಟ್ಟಿನ ಕೈಯಲ್ಲೇ ಎದ್ದು ಹೋದಂದಿನಿಂದ ಸಂಜೆಯಾದರೆ ಮುದುಕಿ ಅಲ್ಲಿ ಕೂತು ಹಾದುಹೋಗುವ ಗಂಡಸರ ಮುಖ ನೋಡುತ್ತಿದ್ದಳು. ಮಳೆಯಿರಲಿ, ಮೈಯಲ್ಲಿ ಹುಷಾರಿಲ್ಲದಿರಲಿ, ಆ ಕಟ್ಟೆ ತಪ್ಪಿದ್ದಿಲ್ಲ.

ಒಳಗೆ ಊದಿನಕಡ್ಡಿಯ ವಾಸನೆ. ಸಂಗಣ್ಣನ ಫೋಟೋಕ್ಕೆ ಹಣೆಯ ಮೇಲೆ ವಿಭೂತಿ, ಕೊರಳಿಗೆ ಸೇವಂತಿಗೆಯ ಹಾರ. ಅದರ ಮುಂದೆ ಬಾಳೆ ಎಲೆಯ ಮೇಲೆ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ. ಗುರುಬಸವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು.

“ಏನ್ರಿ ಅತ್ತಿ ಇದು?” ಎಂದಳು ನೀಲಾಂಬಿಕೆ.

“ಎಡಿ ಇಟ್ಟೀನವಾ. ಇಷ್ಟು ವರ್ಷ ಹಂಗ ಬಿಟ್ಟಿದ್ದು ತಪ್ಪು. ಹೋದವರು ಹೋದರು, ಇದ್ದವರು ದೀಪ ಹಚ್ಚಬೇಕು.”

ಅವಳ ಕಣ್ಣು ಒದ್ದೆಯಾಗಿರಲಿಲ್ಲ. ನೀಲಾಂಬಿಕೆಯ ಗಂಡ ವೀರಭದ್ರ ಗಿರಣಿ ನಿಲ್ಲಿಸಿ, ಮುಖದ ಹಿಟ್ಟು ತೊಳೆದು, ತಮ್ಮನ ಫೋಟೋಕ್ಕೆ ಕೈಮುಗಿದು ಊಟಕ್ಕೆ ಕೂತ. ನಿಜ ಹೇಳಬೇಕೆಂದರೆ ನೀಲಾಂಬಿಕೆಗೆ ಹಗುರವೇ ಆಯಿತು. ಮುದುಕಿ ಕಡೆಗೂ ಮನಸ್ಸು ಗಟ್ಟಿ ಮಾಡಿಕೊಂಡಳಲ್ಲ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಹೂವಿಗೆಂದು ನಿಂತರೆ ಬುಟ್ಟಿಗಳು ಖಾಲಿ. “ನಿನ್ನಿಯಿಂದ ಹಾರಕ್ಕ ಒಂದ ಸಮ ಬೇಡಿಕಿ ಅದರೀ ಅಕ್ಕಾರ,” ಎಂದಳು ಹೂವಿನವಳು. “ನಾನೂ ನಮ್ಮ ಮನಿಯವರಿಗೆ ಹಾಕೀನಿ. ಹೋದವರು ಹೋದರು, ಇದ್ದವರು ದೀಪ ಹಚ್ಚಬೇಕು.”

ನೀಲಾಂಬಿಕೆ ಬರಿಗೈಯಲ್ಲಿ ನಿಲ್ದಾಣಕ್ಕೆ ನಡೆದಳು. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಪಕ್ಕದವಳಿಗೆ ಅದೇ ಮಾತು ಹೇಳುತ್ತಿದ್ದಳು, ಅದೇ ಏರಿಳಿತದಲ್ಲಿ. ದಾರಿಯುದ್ದಕ್ಕೂ ತೆರೆದ ಬಾಗಿಲುಗಳೊಳಗೆ ಹೊಸ ಹಾರ ಹಾಕಿದ ಫೋಟೋಗಳು ಕಂಡವು. ಎಲ್ಲಿಯೂ ಅಳು ಕೇಳಲಿಲ್ಲ. ಮನೆಮನೆಯ ಮುಂದೆ ಇಟ್ಟ ಪಿಂಡಕ್ಕೆ, ಎಡೆಗೆ ಹಾರಿ ಹಾರಿ ಸಾಕಾದ ಕಾಗೆಗಳು ತಂತಿಯ ಮೇಲೆ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು.

ಆ ವಾಕ್ಯವನ್ನು ಎಲ್ಲಿ ಓದಿದ್ದೆ ಎಂದು ಅವಳಿಗೆ ಕಚೇರಿಯ ಮೆಟ್ಟಿಲು ಹತ್ತುವಾಗ ನೆನಪಾಯಿತು. ಉತ್ತರಕ್ರಿಯೆಗಳ ಬಗೆಗಿನ ಒಂದು ಹಳೆಯ ಪುಸ್ತಕ. ‘ಮರಣ’ ವರ್ಗದಲ್ಲಿ ಅದರ ಚೀಟಿ ಅಂಟಿಸಿದವಳು ತಾನೇ. ಮಗನನ್ನು ನೆನೆದು ಅತ್ತೆಯ ಮನಸ್ಸು ಎಂದಿನಂತೆ ತಡವರಿಸಿದಾಗ ಅವಳ ಗುಲಗಂಜಿ ‘ಕಾಣೆಯಾದವರು’ ಎಂಬ ಬಾಗಿಲನ್ನು ಹುಡುಕಿದೆ. ಬಾಗಿಲು ಇರಲಿಲ್ಲ. ಪಕ್ಕದ ಬಾಗಿಲು ತೆರೆದಿತ್ತು.

ವಿಭಾಗದ ಮುಖ್ಯಸ್ಥ ಪದ್ಮನಾಭ ಇನಾಂದಾರ್ ಸಿಟ್ಟು ಮಾಡುವ ಮನುಷ್ಯನಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನನಗ ನಿನ್ನೆ ಸಂಜೀಗೇ ಗೊತ್ತಾತು ನೀಲಾಂಬಿಕಾ. ದವಾಖಾನಿಯಿಂದ ಫೋನ್ ಬಂದಿತ್ತು. ಕಾಣೆಯಾದವರ ಮನಿಯವರು ನಿದ್ದಿ ಗುಳಿಗಿ ಒಯ್ಯಲಿಕ್ಕೇ ಬಂದಿಲ್ಲಂತ. ಠಾಣೆಯ ಮುಂದ ದಿನಾ ಕೂಡ್ತಿದ್ದ ಮಂದಿ ಎದ್ದು ಮನಿಗೆ ಹೋಗ್ಯಾರ. ಇಷ್ಟು ವರ್ಷ ಯಾವ ಡಾಕ್ಟರಗೂ ಆಗದ್ದು ಆಗೇದ.”

“ಆದರ ಅವರು ಸತ್ತಿಲ್ಲಲ್ರಿ ಸರ್! ಸತ್ತಾರೋ ಇಲ್ಲೋ ನಮಗ ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೂದ ಅವರನ್ನ ಕೊಲ್ಲಾಕತ್ತಿತ್ತು. ಸುಮ್ಮನ ಯಾಕ ಕೆದಕ್ತೀರಿ? ಇರಲಿ ಬಿಡ್ರಿ.”

ಹಳೆಯ ವರ್ಗದ ನಕಲು ಉಳಿದಿದೆಯೇ ಎಂದು ಕೇಳಿದಳು. ಇರಲಿಲ್ಲ. ಎರಡು ಪಟ್ಟಿ ಒಟ್ಟಿಗೆ ಇದ್ದರೆ ಮಣಿಗಳು ಒಂದೇ ಸಲಕ್ಕೆ ಎರಡೆರಡು ಮಾತು ತಂದು ಜನರ ತಲೆ ಕೆಡಿಸುತ್ತಿದ್ದವು; ಅದಕ್ಕೆ ಕೂಡಿಸಿದೊಡನೆ ಹಳೆಯದು ಅಳಿಸಿಹೋಗುವಂತೆ ಮಾಡಿದ್ದರು. ಮತ್ತೆ ಬೇರೆ ಮಾಡಬೇಕೆಂದರೆ ‘ಮರಣ’ದ ಸಮುದ್ರದೊಳಗೆ ಇಳಿದು, ಪುಸ್ತಕ ಓದಿ, ಕೈಯಿಂದಲೇ ಹೆಕ್ಕಬೇಕು. ಅದಕ್ಕೂ ಇಬ್ಬರ ಒಪ್ಪಿಗೆ ಬೇಕು.

ಅವಳು ಅಲ್ತಾಫನ ಮೇಜಿಗೆ ಹೋದಳು. ಅವನ ತಂಗಿ ರಿಜ್ವಾನಾ ಜ್ವರದ ವರ್ಷ ಕಾಲೇಜಿನಿಂದ ಮನೆಗೆ ಬರುವ ದಾರಿಯಲ್ಲೇ ಕಾಣೆಯಾಗಿದ್ದಳು. ಅವನಿಗೆ ಆಗಲೇ ಎಲ್ಲ ಅರ್ಥವಾಗಿತ್ತು.

“ಅಮ್ಮಿ ನಿನ್ನೆ ತಂಗಿ ಹೆಸರಿಲೆ ಫಾತಿಹಾ ಓದಿಸಿದಳ್ರಿ, ಸತ್ತವರಿಗೆ ಓದಿಸ್ತಾರಲ್ಲ ಹಂಗ,” ಎಂದ ತಲೆ ಎತ್ತದೆ. “ಓದಿಸಿ, ಉಂಡು, ನಿದ್ದಿ ಮಾಡಿದಳು. ಮುಂಜಾನಿ ನನ್ನ ನೋಡಿ ನಕ್ಕಳು. ನಗು ಅಂದ್ರ ಹ್ಯಾಂಗಿರ್ತದ ಅನ್ನೂದು ನಾ ಮರ್ತಿದ್ದೆ. ಅದನ್ನ ಕಸ್ಕೋ ಅಂತೀರೇನು ನನಗ?”

ನೀಲಾಂಬಿಕೆ ತನ್ನ ಕುರ್ಚಿಗೆ ಬಂದು ಕೂತಳು. ಆ ವಾರ ಹಾಗೆಯೇ ಕಳೆದುಹೋಗುತ್ತಿತ್ತೇನೋ. ಸಂಗಣ್ಣ ಬಂದ.

ರವಿವಾರ ಮಧ್ಯಾಹ್ನ. ಗಿರಣಿ ಮುಚ್ಚಿತ್ತು. ಬಾಗಿಲಲ್ಲಿ ನೆರಳು ಬಿದ್ದಿತೆಂದು ನೀಲಾಂಬಿಕೆ ತಲೆಯೆತ್ತಿದರೆ ಉಪ್ಪುಗಾಳಿಗೆ ಕರಕಲಾದ ಮುಖ, ಬಿಳಿಚಿದ ಕೈಗಳು, ಕಿವಿಯ ಹಿಂದೆ ಹೊಸ ಗುಲಗಂಜಿ. ಗೋವೆಯ ಮೀನುಬಂದರಿನಲ್ಲಿ ಇಷ್ಟು ವರ್ಷ ಮಂಜುಗಡ್ಡೆ ಒಡೆಯುತ್ತಿದ್ದನಂತೆ, ಮಾತಿಲ್ಲದವನಾಗಿ. ಹೋದ ತಿಂಗಳು ಯಾರೋ ಶಿಬಿರದವರು ಮಣಿ ಕೂಡಿಸಿದರು. ಮೊದಲು ‘ಗಿರಣಿ’ ಎಂಬ ಮಾತು ಸಿಕ್ಕಿತು, ಆಮೇಲೆ ‘ಮಾಳಮಡ್ಡಿ’, ಆಮೇಲೆ ‘ಅವ್ವ’.

“ಅವ್ವಾ,” ಎಂದ ಅವನು.

ಗುರುಬಸವ್ವ ಹಾಸಿಗೆಯಿಂದೆದ್ದು ಬಂದಳು. ಮಗನ ಮುಖ ನೋಡಿದಳು. ಓಡಿ ಬಂದು ತಬ್ಬಿಕೊಳ್ಳುತ್ತಾಳೆಂದು ನೀಲಾಂಬಿಕೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮುದುಕಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎರಡೂ ಕೈ ಜೋಡಿಸಿದಳು. “ಬಂದಿ ಏನಪಾ? ಕೂಡು,” ಎಂದು ಮೆಲ್ಲಗೆ ಹೇಳಿ ಒಳಗೆ ಹೋಗಿ ಬಾಳೆ ಎಲೆ ತಂದು ಅವನ ಮುಂದೆ ಹಾಸಿದಳು. ಅನ್ನ, ಬೆಲ್ಲ, ತುಪ್ಪ ಬಡಿಸಿದಳು, ಊದಿನಕಡ್ಡಿ ಹಚ್ಚಿ ಎಲೆಯ ಬದಿಗೆ ಸಿಕ್ಕಿಸಿದಳು. ಆಮೇಲೆ, ಎಡೆ ಇಟ್ಟವರು ಮಾಡುವ ಹಾಗೆ, ಹಿಂದೆ ಹಿಂದೆ ಸರಿದು ಹೊರಗೆ ನಿಂತು ಬಾಗಿಲು ಮುಂದೆ ಮಾಡಿಕೊಂಡಳು. ವೀರಭದ್ರನೂ ಅವಳ ಪಕ್ಕದಲ್ಲಿ ಕಣ್ಣುಮುಚ್ಚಿ ನಿಂತಿದ್ದ.

ನೀಲಾಂಬಿಕೆ ಬಾಗಿಲು ತಳ್ಳಿ ಒಳಗೆ ಹೋದಳು. ಸಂಗಣ್ಣ ಗೋಡೆಯ ಮೇಲಿನ ತನ್ನದೇ ಫೋಟೋ ನೋಡುತ್ತ ಕೂತಿದ್ದ. ಅವನನ್ನು ಈ ಲೋಕಕ್ಕೆ ಎಳೆದುಕೊಳ್ಳಬೇಕೆಂದು ಗಾಬರಿಯಲ್ಲಿ ಏನೋ ಕೇಳಿದಳು. ಕೇಳಬಾರದಿತ್ತೆಂದು ಆಮೇಲೆ ಅನಿಸಿತು.

“ಇಷ್ಟು ವರ್ಷ ನಿನಗ ಏನಾಗಿತ್ತೋ ಸಂಗಣ್ಣ?”

ಅವನು ಬಾಯಿ ತೆರೆದ. ಮಾತು ಸಿಗಲಿಲ್ಲ. ಹುಬ್ಬು ಗಂಟಿಕ್ಕಿದ, ಕಿವಿಯ ಹಿಂದೆ ಮಣಿ ಬೆಚ್ಚಗೆ ಹೊಳೆಯಿತು. ಮುಖದ ಗಂಟು ಸಡಿಲವಾಯಿತು.

“ನಾ ಸತ್ತಿದ್ದೆ ಅಂತ ಕಾಣ್ತದ್ರಿ ವೈನಿ,” ಎಂದ ಅತ್ತಿಗೆಗೆ.

ಅಂದಿನಿಂದ ಅವನು ಅನ್ನ ಮುಟ್ಟಲಿಲ್ಲ. ಕೊಟ್ಟರೆ ತಟ್ಟೆಯ ವಾಸನೆ ತೆಗೆದುಕೊಂಡು ಸರಿಸುತ್ತಿದ್ದ. “ಸತ್ತವರು ಉಣ್ಣೂದಿಲ್ಲಲ್ರಿ,” ಎನ್ನುತ್ತಿದ್ದ, ಅವಳಿಗೆ ಅಷ್ಟೂ ತಿಳಿಯದೇ ಎಂಬಂತೆ. ಸಿಟ್ಟಿಲ್ಲ, ದುಃಖವಿಲ್ಲ. ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಿದ್ದ. ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ಮನೆಯವರು ಅವನ ಸುತ್ತ ದನಿ ತಗ್ಗಿಸಿ ನಡೆದಾಡಿದರು. ಹಿಟ್ಟು ಬೀಸಿಸಲು ಬಂದ ಹೆಂಗಸರು ಹೊಸ್ತಿಲಾಚೆಯಿಂದ ಇಣುಕಿ, ಕೈಮುಗಿದು, ಒಂದು ಹೂ ಎಸೆದು ಹೋದರು. ಯಾರಿಗೂ ಹೆದರಿಕೆಯಾಗದಿದ್ದದ್ದೇ ನೀಲಾಂಬಿಕೆಗೆ ಹೆದರಿಕೆ ತಂದಿತು.

ಒಮ್ಮೆ ಅವಳು ಅವನ ಗುಲಗಂಜಿಯನ್ನೇ ಕಳಚಿ ನೋಡಿದಳು. ಕಳಚಿದ್ದೇ ತಡ ಸಂಗಣ್ಣನ ಕಣ್ಣಿನಿಂದ ಮನೆ, ಗೋಡೆ, ಅತ್ತಿಗೆ ಎಲ್ಲ ಜಾರಿಹೋದವು. ಗಂಟಲಿನಿಂದ ಕರು ಕೂಗಿದಂಥ ಸದ್ದು ಹೊರಟಿತು. ಎದ್ದವನೇ ಬಾಗಿಲ ಕಡೆಗೆ, ಅಲ್ಲಿಂದ ಓಣಿಯ ಕಡೆಗೆ ನಡೆಯತೊಡಗಿದ, ಜ್ವರದ ವರ್ಷ ನಡೆದುಹೋದ ಹಾಗೆಯೇ. ಅವಳು ಓಡಿಹೋಗಿ, ಜಗ್ಗಿ ನಿಲ್ಲಿಸಿ, ಮಣಿಯನ್ನು ಮತ್ತೆ ಕೂಡಿಸಿದಳು. ಅವನು ಸುತ್ತ ನೋಡಿದ.

“ವೈನಿ, ನನ್ನ ಮಣ್ಣು ಮಾಡೀರೋ ಇಲ್ಲೋ?” ಎಂದು ಕೇಳಿದ. “ಮಾಡಿದ್ರ ನಾ ಇಲ್ಲಿ ಯಾಕ ಅದೀನಿ?”

ಮರುದಿನ ಅವಳು ಅಲ್ತಾಫನಿಗೆ ಹೆಚ್ಚೇನೂ ಹೇಳದೆ, “ನಮ್ಮ ಮನಿಗೊಮ್ಮೆ ಬಾ,” ಎಂದು ಕರೆದುಕೊಂಡು ಬಂದಳು. ಸಂಗಣ್ಣನ ತುಟಿ ಅಷ್ಟರಲ್ಲಿ ಒಡೆದು ಬಿಳಿಯಾಗಿತ್ತು, ನೀರನ್ನೂ ಬಿಟ್ಟಿದ್ದ. ಅಲ್ತಾಫ್ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಸಂಗಣ್ಣ ಅವನನ್ನು ಬಹಳ ಹೊತ್ತು ದಿಟ್ಟಿಸಿ, “ನೀವು ಯಾವಾಗ ಸತ್ರಿ?” ಎಂದು ವಿನಯದಿಂದ ವಿಚಾರಿಸಿದ.

ಅಲ್ತಾಫ್ ಎದ್ದು ಹೊರಗೆ ಬಂದ. ಗಿರಣಿಯ ಕಂಬ ಹಿಡಿದುಕೊಂಡು ನಿಂತ. ಅವನ ಹಿಂದೆಯೇ ಗುರುಬಸವ್ವ ಒಳಗೆ ಊದಿನಕಡ್ಡಿ ಹಚ್ಚಿಟ್ಟು, ಹೊರಗೆ ಸರಿದು ಬಾಗಿಲು ಮುಂದೆ ಮಾಡಿಕೊಂಡಳು.

“ನಾಳೆ ರಿಜ್ವಾನಾ ಬಂದ್ರ…” ಎಂದ. ಆಮೇಲೆ ಮುಚ್ಚಿದ ಬಾಗಿಲು ನೋಡಿ, “ಅಮ್ಮಿ ಅಕಿಗೂ ಹಿಂಗ ಬಾಗಲಾ ಮುಂದ ಮಾಡ್ತಾಳಲ್ರಿ?”

“ಹೂಂ.”

“ನಡೀರಿ.”

ಇಬ್ಬರೂ ಇನಾಂದಾರರಿಗೆ ಹೇಳದೆ ಕೆಲಸ ಹಿಡಿದರು. ‘ಮರಣ’ ವರ್ಗ ತೆರೆದರೆ ಮುಗಿಯದ ಮಸಣ: ಯುದ್ಧದ ಸಾವು, ಹೆರಿಗೆಯ ಸಾವು, ರಾಜರ ಸಾವು, ಹಾವು ಕಡಿದ ಸಾವು. ಇವುಗಳ ನಡುವೆ ಬದುಕಿದ್ದೂ ಹೂತುಹೋದ ಪುಸ್ತಕಗಳನ್ನು ಗುರುತಿಸುವುದು ಹೇಗೆ? ಯಂತ್ರಕ್ಕೆ ಸಾಧ್ಯವಿರಲಿಲ್ಲ. ಎರಡು ಕಡೆಯೂ ಅದಕ್ಕೆ ಕಂಡದ್ದು ಅದೇ ಕಣ್ಣೀರು, ಅದೇ ಖಾಲಿ ಹಾಸಿಗೆ, ಮಡಿಸಿಟ್ಟ ಅದೇ ಬಟ್ಟೆ. ನೀಲಾಂಬಿಕೆ ಕಡೆಗೆ ಒಂದೇ ಪ್ರಶ್ನೆ ಇಟ್ಟುಕೊಂಡಳು: ಪುಸ್ತಕ ಮುಗಿದಾಗ ಯಾರಾದರೂ ಇನ್ನೂ ದಾರಿ ನೋಡುತ್ತಿದ್ದಾರೆಯೇ? ನೋಡುತ್ತಿದ್ದರೆ ಅದು ಸಾವಿನದಲ್ಲ. ಹಡಗಿನ ಅಣ್ಣನ ತಂಗಿ ಸಿಕ್ಕಳು. ಕಾಶಿಗೆ ಹೋದ ಮಾವನ ಕಥೆ ಸಿಕ್ಕಿತು. ಎಮ್ಮೆ ಹುಡುಕಲು ಹೋಗಿ ಬಾರದ ಹುಡುಗಿಯ ಬಗ್ಗೆ ಮಕ್ಕಳ ಪದ್ಯವೊಂದು ಸಿಕ್ಕಿತು. ಅದನ್ನು ಓದಿ ಅಲ್ತಾಫ್ ಎದ್ದುಹೋಗಿ ಮುಖ ತೊಳೆದು ಬಂದ.

ಕೆಲವು ಪುಸ್ತಕಗಳಲ್ಲಿ ನಿರ್ಧಾರ ಸುಲಭವಿರಲಿಲ್ಲ. ಮುದುಕನೊಬ್ಬ ಹೆಂಡತಿಯ ಚಿತೆ ಕಂಡಿದ್ದೂ ದಿನಾ ಎರಡು ಲೋಟ ಚಹಾ ಇಡುತ್ತಿದ್ದ. “ಇದು ಯಾವ ಕಡೆ?” ಎಂದು ಅಲ್ತಾಫ್ ಕೇಳಿದ. “ಸಾವಿನ ಕಡೇನ ಇರಲಿ,” ಎಂದಳು. ತಪ್ಪಿದರೆ ಸತ್ತವರ ಮನೆಯವರೆಲ್ಲ ಮಸಣದಿಂದ ಬರುವ ದಾರಿ ನೋಡುತ್ತ ಕೂಡುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮನೆಯಿಂದ ವೀರಭದ್ರ ಫೋನು ಮಾಡಿದ. ಅವನ ದನಿ ಶಾಂತವಾಗಿತ್ತು. “ಸಂಗಣ್ಣ ಕೆಲಗೇರಿ ಹಾದೀಗೆ ಹೋಗ್ತೀನಿ ಅಂತಾನ. ರುದ್ರಭೂಮಿಗೆ. ಅವ್ವ ವಿಭೂತಿ ಹಚ್ಚಾಕತ್ತಾಳ. ನಾಲ್ಕು ಮಂದಿನ್ನ ಕರದೀನಿ. ನೀ ಬರ್ತೀ ಏನು?”

ನೀಲಾಂಬಿಕೆಯ ಕೈಯಿಂದ ಫೋನು ಮೇಜಿನ ಮೇಲೆ ಬಿತ್ತು. ಓದಬೇಕಾದವು ಇನ್ನೂ ಉಳಿದಿದ್ದವು. “ಸಾಕು, ಸಿಕ್ಕಷ್ಟರಿಂದಲೇ ಬಾಗಿಲು ತೆಗಿ,” ಎಂದಳು ಅಲ್ತಾಫನಿಗೆ. ‘ಕಾಣೆಯಾದವರು’ ಎಂದು ಹೊಸದಾಗಿ ಬರೆದು, ಹೆಕ್ಕಿದ ಪುಸ್ತಕಗಳನ್ನೆಲ್ಲ ಅದರೊಳಗೆ ತುಂಬಿ ‘ಆಗಲಿ’ ಒತ್ತಿದಳು. ಅಲ್ತಾಫನ ಬೆರಳು ಅವನ ಪರದೆಯ ಮೇಲೆ ಒಂದು ಕ್ಷಣ ನಿಂತಿತು. ಅವನು ಕಣ್ಣುಮುಚ್ಚಿ ಒತ್ತಿದ.

ಅವಳು ಆಟೋ ಹಿಡಿದು ಕೆಲಗೇರಿ ದಾರಿಗೆ ಬಂದಾಗ ಸಣ್ಣದೊಂದು ಮೆರವಣಿಗೆ ರಸ್ತೆಯ ನಡುವೆ ನಿಂತುಬಿಟ್ಟಿತ್ತು. ಮುಂದೆ ಸಂಗಣ್ಣ, ಕೊರಳಲ್ಲಿ ಹಾರ, ಹಣೆತುಂಬ ವಿಭೂತಿ, ತಾನೇ ತನ್ನ ಕಾಲಿನ ಮೇಲೆ ನಡೆದು ಬಂದವನು. ಗುರುಬಸವ್ವ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಬಾಯಿ ಸದ್ದಿಲ್ಲದೆ ತೆರೆದು ಮುಚ್ಚುತ್ತಿತ್ತು. ಆಮೇಲೆ ಹಾರಕ್ಕೆ ಕೈಹಾಕಿ ಹರಿದು ಎಸೆದಳು, ಮಗನ ಕಪಾಳಕ್ಕೆ ಬಾರಿಸಿದಳು, ಬಾರಿಸಿದ ಕೈಯಿಂದಲೇ ಅವನ ಕೊರಳನ್ನು ಬಾಚಿಕೊಂಡಳು.

“ಎಲ್ಲಿ ಹಾಳಾಗಿ ಹೋಗಿದ್ಯೋ ನನ್ನಪ್ಪಾ! ಎಲ್ಲಿ ಹೋಗಿದ್ಯೋ!”

“ಕಳದಿದ್ನವ್ವಾ,” ಎಂದ ಸಂಗಣ್ಣ. ಆ ಮಾತು ಸಿಕ್ಕಿದ್ದಕ್ಕೆ ಅವನಿಗೇ ಬೆರಗಾದಂತಿತ್ತು. “ಕಳದು ಹೋಗಿದ್ದೆ. ನೀರು ಕೊಡು.”

ವೀರಭದ್ರ ನೀರು ತರಲು ಓಡಿದವನು ನಡುದಾರಿಯಲ್ಲೇ ಕುಸಿದು ಕೂತು ಅಳತೊಡಗಿದ. ಅಷ್ಟರಲ್ಲಿ ನೀಲಾಂಬಿಕೆಗೆ ಬೇರೊಂದು ಸದ್ದು ಕೇಳಿಸಿತು. ಮೊದಲು ಹತ್ತಿರದ ಒಂದು ಮನೆಯಿಂದ. ಆಮೇಲೆ ಅದರಾಚೆಯ ಮನೆಯಿಂದ. ನೋಡನೋಡುತ್ತ ಸಪ್ತಾಪುರದ ಕಡೆಯಿಂದ, ಮಾಳಮಡ್ಡಿಯ ಕಡೆಯಿಂದ, ದೂರದ ಮಾರ್ಕೆಟ್ಟಿನ ಕಡೆಯಿಂದ, ಊರಿಗೆ ಊರೇ ಒಂದೇ ಉಸಿರಿನಲ್ಲಿ ಬಾಯಿಬಿಟ್ಟಂತೆ ಅಳು ಎದ್ದಿತು. ತಂತಿಯ ಮೇಲಿನ ಕಾಗೆಗಳು ಕೂಡಲೇ ಹಾರಿದವು. ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಹೆಂಗಸರು ಗಂಡಸರು ಹೊಸ್ತಿಲಿಗೆ ಬಂದು ರಸ್ತೆಯ ಎರಡೂ ತುದಿ ನೋಡತೊಡಗಿದರು.

ಇನಾಂದಾರರು ಇಬ್ಬರನ್ನೂ ಕೆಲಸದಿಂದ ಬಿಡಿಸಿದರು. ಬೈಯಲಿಲ್ಲ. “ಅವರ ನಿದ್ದಿ ಕಸ್ಕೊಂಡ್ರಿ. ನಿಮ್ಮ ಮೈದುನ ಒಬ್ಬಾವ ಬಂದ. ಉಳಿದವರಿಗೆ ಏನು ಹೇಳ್ತೀರಿ?” ಎಂದಷ್ಟೇ ಕೇಳಿದರು. ವರ್ಗಗಳನ್ನು ಮತ್ತೆ ಕೂಡಿಸಲು ಬೇಕಾದ ಎರಡನೆಯ ಒಪ್ಪಿಗೆ ಮಾತ್ರ ಅವರಿಗೆ ಯಾರಿಂದಲೂ ಸಿಗಲಿಲ್ಲ. ಮನೆಯಲ್ಲಿ ಸಂಗಣ್ಣ ಗಂಜಿಯಿಂದ ಅನ್ನಕ್ಕೆ, ಅನ್ನದಿಂದ ರೊಟ್ಟಿಗೆ ಬಂದ. ಗಿರಣಿಯ ಪಟ್ಟಾ ಹಾಕುವುದನ್ನು ಮತ್ತೆ ಕಲಿತ. ಆದರೂ ಯಾರಾದರೂ ಊದಿನಕಡ್ಡಿ ಹಚ್ಚಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಅಲ್ತಾಫ್ ಫೋನು ಎತ್ತಲಿಲ್ಲ. ವಾರ ಕಳೆದ ಮೇಲೆ ನೀಲಾಂಬಿಕೆಯೇ ಅವನ ಮನೆ ಹುಡುಕಿಕೊಂಡು ಹೋದಳು. ಅವನು ಇರಲಿಲ್ಲ. ತಂಗಿಯ ಫೋಟೋ ತೆಗೆದುಕೊಂಡು ಗೋವೆಯ ಬಂದರುಗಳನ್ನು ನೋಡಿ ಬರುತ್ತೇನೆಂದು ಹೋಗಿದ್ದನಂತೆ. ಅವನ ತಾಯಿ ಖಾಜಾಬಿ ಹೊಸ್ತಿಲ ಮೇಲೆ ಕೂತಿದ್ದಳು. ಕಣ್ಣ ಕೆಳಗೆ ಮಸಿ ಬಳಿದಂತಾಗಿತ್ತು. ಬಂದವಳು ಯಾರೆಂದು ತಿಳಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಎಲ್ಲವನ್ನೂ ಹೇಳಿಬಿಡಬೇಕೆಂದು ನೀಲಾಂಬಿಕೆ ಬಂದಿದ್ದಳು. ಹೇಳಿದಳು. ಮೊದಲು ಒತ್ತಿದ್ದು ತಾನೇ, ಆಮೇಲೆ ಒತ್ತಿದ್ದೂ ತಾನೇ ಎಂದಳು. ಮುದುಕಿ ತಡೆಯದೆ ಕೇಳಿದಳು. ಓಣಿಯ ತುದಿಯಲ್ಲಿ ಯಾರೋ ಹುಡುಗಿ ಸೈಕಲ್ಲು ತಿರುಗಿಸಿಕೊಂಡು ಬಂದಾಗ ಮಾತ್ರ ಕೊರಳು ಉದ್ದ ಮಾಡಿ ನೋಡಿ, ಅವಳಲ್ಲವೆಂದು ಗೊತ್ತಾದ ಮೇಲೆ ಮತ್ತೆ ಇತ್ತ ತಿರುಗಿದಳು.

“ಅಷ್ಟು ದಿನ ಭಾಳ ಚಲೋ ನಿದ್ದಿ ಬರ್ತಿತ್ತು ಬೇಟಿ,” ಎಂದಳು. “ನನ್ನ ಮಗಳು ಸತ್ತಿದ್ದಳು. ಸತ್ತವಳ ಬಗ್ಗೆ ಚಿಂತಿ ಏನು? ಉಂಡಾಳೋ ಇಲ್ಲೋ, ಚಳಿಗೆ ಏನು ಹೊದ್ದಾಳೋ, ಯಾರು ಬಡೀತಾರೋ, ಏನೂ ಇಲ್ಲ. ಈಗ…”

ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ನೀಲಾಂಬಿಕೆ ತಲೆ ತಗ್ಗಿಸಿದಳು.

“ಈಗ ಮತ್ತ ಎಲ್ಲ್ಯೋ ಅದಾಳ,” ಎಂದಳು ಖಾಜಾಬಿ.